ವಿದ್ಯಾರ್ಥಿಗಳ ಬ್ರೆಜಿಲ್ ಅಧ್ಯಯನ ಪ್ರವಾಸ: ಸಿದ್ಧತೆ ಹೇಗಿರಬೇಕು?

ಗೊಟ್ಟಿಗೆರೆಯಿಂದ ಬನ್ನೇರುಘಟ್ಟ, ಜಿಗಣಿಗಳ ಕಡೆಗೆ ಸಾಗುವ ಹಾದಿಯಲ್ಲಿ ಕಾಲೇಜುಗಳೂ ಸಣ್ಣ ಕಾರ್ಖಾನೆಗಳೂ ಅಕ್ಕಪಕ್ಕದಲ್ಲೇ ಬೆಳೆದಿವೆ. ಕಾಲೇಜುಗಳು ವಿದೇಶ ಅಧ್ಯಯನ ಪ್ರವಾಸ ಏರ್ಪಡಿಸುವಾಗ ಪ್ರಾಯೋಜಕತ್ವ ಕೋರಿ ಉದ್ಯಮಿಗಳ ಬಳಿಗೆ ಬರುವುದುಂಟು. ಉದ್ಯಮಿಗಳ ಮಕ್ಕಳೇ ತಂಡದಲ್ಲಿರುವುದೂ ಉಂಟು. ಹಣ ಕೊಡುವ ಮುನ್ನ ಯೋಜನೆಯನ್ನು ಪರಿಶೀಲಿಸುವುದು ನಮ್ಮ ಕರ್ತವ್ಯ. ರಫ್ತುದಾರರು ಸರಕು ತಲುಪಬೇಕಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವಂತೆ, ಇಂತಹ ಪ್ರವಾಸವನ್ನೂ ಮರಳಿ ಬರುವ ದಿನದಿಂದ ಹಿಂದಕ್ಕೆ ಯೋಜಿಸಬೇಕು. ಬ್ರೆಜಿಲ್ ದೇಶವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರಶ್ನೆ, ನಂತರ ಊರು

ಬ್ರೆಜಿಲ್ ಭಾರತದ ಎರಡೂವರೆ ಪಟ್ಟಿಗಿಂತಲೂ ದೊಡ್ಡ ದೇಶ. ಎರಡು ವಾರಗಳಲ್ಲಿ ಅದನ್ನೆಲ್ಲ ಸುತ್ತಲು ಹೊರಟರೆ ವಿಮಾನ ನಿಲ್ದಾಣಗಳ ದರ್ಶನವಷ್ಟೇ ಆದೀತು. ಸಾವೊ ಪಾಲೊ ನಗರದಲ್ಲಿ ತಂಗಿದರೆ ಸುಮಾರು ನೂರು ಕಿಲೋಮೀಟರ್ ಆಸುಪಾಸಿನಲ್ಲಿಯೇ ಕರ್ನಾಟಕಕ್ಕೆ ಸಂಬಂಧಿಸಿದ ಮೂರು ಊರುಗಳು ದೊರೆಯುತ್ತವೆ.

ಸ್ಯಾಂಟೋಸ್ ಬಂದರಿನ ಮೂಲಕ ಬ್ರೆಜಿಲ್ ಕಾಫಿ ಜಗತ್ತಿಗೆ ಸಾಗಿತು. ಅಲ್ಲಿ 1922ರಲ್ಲಿ ಆರಂಭವಾದ ಕಾಫಿ ವಿನಿಮಯ ಕೇಂದ್ರದ ಕಟ್ಟಡ ಇಂದು ವಸ್ತುಸಂಗ್ರಹಾಲಯವಾಗಿದೆ. ಕಾಂಪಿನಾಸ್‌ನಲ್ಲಿ 1887ರಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನಾ ಸಂಸ್ಥೆಯಿದೆ. ಸಾವೊ ಜೋಸೆ ದೋಸ್ ಕಾಂಪೋಸ್, 1969ರಲ್ಲಿ ಆರಂಭವಾದ ಎಂಬ್ರೇಯರ್ ವಿಮಾನ ಕಂಪನಿಯ ನೆಲೆ. ಈ ಕಂಪನಿಯ ವಿಮಾನದ ಮೇಲೆಯೇ ಬೆಂಗಳೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯವು ‘ನೇತ್ರ’ ರೇಡಾರ್ ವ್ಯವಸ್ಥೆಯನ್ನು ಅಳವಡಿಸಿತು. ಅದು 2017ರಲ್ಲಿ ವಾಯುಪಡೆಗೆ ಹಸ್ತಾಂತರವಾಯಿತು.

ಪ್ರಶ್ನೆಗಳು ಇಲ್ಲಿಂದಲೇ ಹುಟ್ಟಬೇಕು. ಚಿಕ್ಕಮಗಳೂರಿನಲ್ಲಿ ಮರದ ನೆರಳಿನಲ್ಲಿ ಬೆಳೆದ ಕಾಫಿಯನ್ನು ಕೈಯಿಂದ ಕೊಯ್ಯುತ್ತೇವೆ. ಬ್ರೆಜಿಲ್‌ನ ಬಯಲು ತೋಟಗಳಲ್ಲಿ ಬಹುಪಾಲು ಯಂತ್ರವೇ ಕೊಯ್ಯುತ್ತದೆ. ಈ ವ್ಯತ್ಯಾಸದಿಂದ ಕೂಲಿ, ಗುಣಮಟ್ಟ ಮತ್ತು ಬೆಲೆಯ ಮೇಲೆ ಆಗುವ ಪರಿಣಾಮವೇನು? ಹೊರಡುವ ಮುನ್ನ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಭೇಟಿ ನೀಡದ ತಂಡಕ್ಕೆ ಕಾಂಪಿನಾಸ್‌ನಲ್ಲಿ ಕೇಳಲು ಏನೂ ಇರುವುದಿಲ್ಲ. ಅಲ್ಲಿ ಕೊಯ್ಲು ನಡೆಯುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಮಳೆಗಾಲ ಅಲ್ಲಿ ಚಳಿಗಾಲವಾದ್ದರಿಂದ ಬೆಚ್ಚನೆಯ ಉಡುಪು ಅಗತ್ಯ.

ಮರಳುವ ದಾರಿಯ ಅಡಚಣೆ

ಅತಿ ಮುಖ್ಯವಾದುದು ಹಳದಿ ಜ್ವರದ ಲಸಿಕೆ. ಬ್ರೆಜಿಲ್‌ನಿಂದ ಬರುವವರಲ್ಲಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಮರುವಾರವೇ ಪರೀಕ್ಷೆಯಿರುವ ವಿದ್ಯಾರ್ಥಿಗೆ ಇದು ಒಂದು ವರ್ಷದ ನಷ್ಟವಾಗಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ ಹತ್ತು ದಿನಗಳ ನಂತರ. 2016ರ ತಿದ್ದುಪಡಿಯಿಂದ ಅದು ಜೀವನಪರ್ಯಂತ ಮಾನ್ಯ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಪಡೆದ ಲಸಿಕೆಗೆ ಮಾತ್ರ ಮಾನ್ಯತೆಯಿದೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು ಮೊದಲೇ ವೈದ್ಯರನ್ನು ಕಾಣಬೇಕು. ಆದ್ದರಿಂದ ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳ ಮುನ್ನವೇ ಲಸಿಕೆಯ ಕೆಲಸ ಮುಗಿಸುವುದು ಲೇಸು.

ಬೆಂಗಳೂರಿನಿಂದ ಬ್ರೆಜಿಲ್‌ಗೆ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸಬಹುದು. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸಲು ಇಳಿದರೂ ಆ ದೇಶದ ವೀಸಾ ಬೇಕು. ಟಿಕೆಟ್ ಅಗ್ಗವೆಂದು ಕೊಳ್ಳುವ ಮುನ್ನ ಇದನ್ನು ಗಮನಿಸಬೇಕು. ಹದಿನೆಂಟು ತುಂಬದವರಿಗೆ ತಂದೆತಾಯಿ ಇಬ್ಬರ ಲಿಖಿತ ಒಪ್ಪಿಗೆಯನ್ನು ಸಿದ್ಧವಾಗಿಡಬೇಕು.

ಹಣ, ಊಟ, ಭಾಷೆ

ಖರ್ಚು ಡಾಲರ್‌ನಲ್ಲಿ, ಸಂಗ್ರಹ ರೂಪಾಯಿಯಲ್ಲಿ. ಆದ್ದರಿಂದ ವಿನಿಮಯ ದರದ ಏರಿಕೆಗೆ ಒಂದಿಷ್ಟು ಮೊತ್ತವನ್ನು ಕಾದಿರಿಸಬೇಕು. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯು (ಟಿ.ಸಿ.ಎಸ್.) ಯಾರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ, ಪೋಷಕರದ್ದಕ್ಕೋ ಕಾಲೇಜಿನದ್ದಕ್ಕೋ ಎಂಬುದನ್ನು ಲೆಕ್ಕಪರಿಶೋಧಕರೊಂದಿಗೆ ಮೊದಲೇ ನಿರ್ಧರಿಸಿದರೆ ನಂತರದ ತಕರಾರು ತಪ್ಪುತ್ತದೆ. ವೀಸಾ ಕೈಸೇರುವ ಮುನ್ನ, ಮರಳಿ ಬಾರದ ಮುಂಗಡವನ್ನು ಯಾರಿಗೂ ಕೊಡಬಾರದು.

ಬ್ರೆಜಿಲ್ ಜನರ ದಿನನಿತ್ಯದ ಊಟ ಅನ್ನ ಮತ್ತು ಬೇಯಿಸಿದ ಕಾಳು. ಆದರೆ ಕಾಳಿನೊಂದಿಗೆ ಮಾಂಸ ಬೆರೆಸುವ ರೂಢಿಯಿರುವುದರಿಂದ ಸಸ್ಯಾಹಾರಿಗಳು ವಿಚಾರಿಸಿ ಉಣ್ಣಬೇಕು. ತಟ್ಟೆಗೆ ತಾವೇ ಬಡಿಸಿಕೊಂಡು ತೂಕದ ಲೆಕ್ಕದಲ್ಲಿ ಹಣ ಕೊಡುವ ಹೋಟೆಲುಗಳು ಇಂತಹವರಿಗೆ ಅನುಕೂಲ. ಅಲ್ಲಿನ ಭಾಷೆ ಪೋರ್ಚುಗೀಸ್. ಕಾರ್ಖಾನೆ ಭೇಟಿಗೆ ಅನುಮತಿ ಕೋರುವ ಪತ್ರಗಳನ್ನು ಆ ಭಾಷೆಯಲ್ಲಿಯೇ, ಆರು ತಿಂಗಳ ಮುನ್ನ ಬರೆಯುವುದು ಸೂಕ್ತ.

ಉದ್ಯಮಿಗಳ ಷರತ್ತು

ಬ್ರೆಜಿಲ್ ಸದಸ್ಯನಾಗಿರುವ ಮರ್ಕೊಸುರ್ ಒಕ್ಕೂಟದೊಂದಿಗೆ ಭಾರತದ ಆದ್ಯತಾ ವ್ಯಾಪಾರ ಒಪ್ಪಂದ 2009ರ ಜೂನ್ 1ರಂದು ಜಾರಿಗೆ ಬಂದಿತು. ನಮ್ಮ ಸಣ್ಣ ಉತ್ಪಾದಕರ ಯಾವ ಸರಕಿಗೆ ಅದರಡಿ ಸುಂಕ ರಿಯಾಯಿತಿ ದೊರೆಯುತ್ತದೆ, ಅಂತಹ ಸರಕು ಅಲ್ಲಿನ ಮಾರುಕಟ್ಟೆಯಲ್ಲಿ ಯಾವ ಬೆಲೆಗೆ ಮಾರಾಟವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದು ಬರಲಿ. ಮರಳಿದ ಒಂದು ತಿಂಗಳೊಳಗೆ ಪ್ರಾಯೋಜಕರ ಮುಂದೆ ವರದಿ ಮಂಡಿಸಬೇಕೆಂಬ ಒಂದೇ ಷರತ್ತನ್ನು ನೆರವಿನೊಂದಿಗೆ ವಿಧಿಸಿದರೆ ಸಾಕು. ವರದಿ ಬರೆಯಬೇಕೆಂದು ತಿಳಿದು ಹೊರಟ ವಿದ್ಯಾರ್ಥಿ ದಾರಿಯುದ್ದಕ್ಕೂ ಕಣ್ಣು ತೆರೆದೇ ನಡೆಯುತ್ತಾನೆ.