ನೋಡಿಕೊಳ್ಳೋರನ್ನ ನೋಡಿಕೊಳ್ಳೋರು ಯಾರು?

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಗಾದೆ ಇದೆ. ಅಮ್ಮ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳೋಕೆ ಶುರು ಮಾಡಿದಾಗ ನೆಂಟರೆಲ್ಲ ಇದನ್ನೇ ಹೇಳಿ ನಕ್ಕರು. ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯ್ತು, ಡಿಮೆನ್ಷಿಯಾ ಅಂತ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದ್ರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳೋದು ಮನೆಯವರೇ.

ನಮ್ಮನೆಯಲ್ಲಿ ಅದು ನಾನು. ಮಾರತ್ತಹಳ್ಳಿಯಲ್ಲಿ ಬಾಡಿಗೆ ಮನೆ. ಹಗಲು ಒಬ್ಬರು ಆಯಾ ಬರ್ತಾರೆ. ಅವರು ಹೊರಡೋ ಹೊತ್ತಿಗೆ ನಾನು ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ನಿಂತಿರ್ತೀನಿ. ರಾತ್ರಿ ಎರಡಕ್ಕೆ ಅಮ್ಮ ಎದ್ದು, "ಊರಿಗೆ ಹೋಗ್ಬೇಕು, ಬಸ್ ತಪ್ಪತ್ತೆ" ಅಂತ ಬಾಗಿಲು ಬಡೀತಾಳೆ. ಬೆಳಗ್ಗೆ ಎದ್ರೆ ಆಫೀಸಿನ ಮೀಟಿಂಗ್.

ಸುಸ್ತಿಗಿಂತ ಹೆಚ್ಚು ಕಾಡೋದು ಸಿಟ್ಟು. ಸಿಟ್ಟಿನ ಹಿಂದೆಯೇ ಪಾಪಪ್ರಜ್ಞೆ. ಜೊತೆಗೆ, ಕಣ್ಣೆದುರೇ ಇರೋ ಅಮ್ಮನನ್ನು ದಿನಾ ಸ್ವಲ್ಪ ಸ್ವಲ್ಪ ಕಳ್ಕೊಳ್ತಿರೋ ದುಃಖ. ಇದಕ್ಕೆ ಯಾರೂ ಸಮಾಧಾನ ಹೇಳೋಕೆ ಬರಲ್ಲ. "ಹೆತ್ತ ತಾಯೀನ ನೋಡ್ಕೊಳ್ಳೋದೂ ಒಂದು ಕಷ್ಟಾನಾ?" ಅಂದ್ರು ಅತ್ತೆ.

ಕಷ್ಟವೇ. ಎಷ್ಟು ಅಂತ ಅಳೆಯೋಕೆ ವೈದ್ಯರ ಹತ್ತಿರ ಝಾರಿಟ್ ಅನ್ನೋ 22 ಪ್ರಶ್ನೆಗಳ ಪಟ್ಟಿ 1980ರ ದಶಕದಿಂದ ಇದೆ. ನಿಮಗಂತ ಸಮಯ ಸಿಗ್ತಿದೆಯಾ, ಅವರ ಮೇಲೆ ಸಿಟ್ಟು ಬರತ್ತಾ ಅಂತೆಲ್ಲ ಅದರಲ್ಲಿ ಕೇಳ್ತಾರೆ. ಓದಿ ಮನಸ್ಸು ಹಗುರಾಯ್ತು. ಪಟ್ಟಿಯಲ್ಲೇ ಸಿಟ್ಟಿನ ಮಾತಿದೆ ಅಂದ್ಮೇಲೆ, ನನ್ನ ಹಾಗೆ ತುಂಬಾ ಜನ ಇದ್ದಾರೆ.

ನಮ್ಮ ಕೆಲಸದಲ್ಲಿ ಸರ್ವರ್ ಕಾಯೋಕೂ ಪಾಳಿ ಇರತ್ತೆ, ಒಬ್ಬರನ್ನೇ ವರ್ಷವಿಡೀ ಕೂರಿಸಲ್ಲ. ಅಮ್ಮನನ್ನು ನೋಡಿಕೊಳ್ಳೋಕೆ ಯಾಕಿಲ್ಲ? ತುಮಕೂರಿಂದ ಅಣ್ಣ ಫೋನ್ ಮಾಡಿ "ಹೇಗಿದ್ದೀಯ?" ಅಂದಾಗ ಈ ಸಲ "ಪರವಾಗಿಲ್ಲ" ಅನ್ನಲಿಲ್ಲ. "ಮೂರು ವಾರದಿಂದ ನಿದ್ದೆ ಇಲ್ಲ ಅಣ್ಣ. ತಿಂಗಳಿಗೆ ಎರಡು ವೀಕೆಂಡ್ ನೀನು ಬಂದಿರು" ಅಂದೆ. ಮೊದಲ ಸಲ ಬಂದವನು ಬೆಳಗ್ಗೆ ಕಣ್ಣು ಕೆಂಪು ಮಾಡ್ಕೊಂಡು ಕೇಳಿದ, "ದಿನಾ ಹೀಗೇನಾ ಕಣೇ?" ಆಮೇಲೆ ಒಂದು ವೀಕೆಂಡೂ ತಪ್ಪಿಸಿಲ್ಲ.

ಹೇಳಿಕೊಳ್ಳೋಕೆ ಮನೆಯಲ್ಲಿ ಯಾರೂ ಇಲ್ವಾ? 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ವಿಷಯಕ್ಕೆ ಎಲ್ಡರ್‌ಲೈನ್ 14567 ಇದೆ. ನಮ್ಮ ಈ ಕಡೆ, ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಷಿಯಾ ಕೇಂದ್ರವೂ ಇದೆ.

ನಿಮ್ಮ ಟೀಮಿನಲ್ಲೂ ಇಂಥವರು ಒಬ್ಬರು ಇರಬಹುದು. "ಅಮ್ಮ ಹೇಗಿದ್ದಾರೆ?" ಅಂತ ಕೇಳಿದ ಮೇಲೆ, "ನೀನು ನಿದ್ದೆ ಮಾಡಿದ್ಯಾ?" ಅಂತಾನೂ ಕೇಳಿ. ಉತ್ತರ ಬರೋಕೆ ಸ್ವಲ್ಪ ಹೊತ್ತಾದ್ರೆ ಕಾಯಿರಿ.