ತಾತನ ಟ್ರಂಕಿನಲ್ಲಿದ್ದ ಉರ್ದು ಕಾಗದ

ಬೆಂಗಳೂರಿನ ಆಫೀಸಿಗೆ ಸೇರಿದ ಮೊದಲ ವಾರ ‘ಊಟ ಮಾಡಾಕತ್ತೀನ್ರಿ’ ಅಂದೆ. ಪಕ್ಕದವರು ನಕ್ಕು, ‘ಇದ್ಯಾವ ಕನ್ನಡ?’ ಅಂದ್ರು. ಅವತ್ತಿನಿಂದ ಅವ್ವನ ಫೋನ್ ಬಂದ್ರೆ ಎದ್ದು ಹೊರಗೆ ಹೋಗಿ ಮಾತಾಡ್ತಿದ್ದೆ.

ನಮ್ಮದು ಸಿಂಧನೂರು ತಾಲೂಕಿನ ಗೊರೇಬಾಳ. ಕೃಷ್ಣಾ, ತುಂಗಭದ್ರಾ ನಡುವಿನ ಈ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಅಂತ ಹೆಸರು. ಹತ್ತಿರದ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಅಂದ್ರೆ ಅಶೋಕನೇ ಅಂತ ಗಟ್ಟಿಯಾಗಿದ್ದು ಆ ಬಂಡೆಯಿಂದ. ಇದೇ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯ, ಬಿಜಾಪುರದ ಆದಿಲ್‌ಶಾಹಿ ಸುಲ್ತಾನ ಕಾದಾಡಿದ್ರು. ಆಮೇಲೆ ಬಂದವರು ನಿಜಾಮರು. 1948ರವರೆಗೆ ಕಚೇರಿ ಭಾಷೆ ಉರ್ದು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಎರೆ ಹೊಲದ ಜ್ವಾಳ ಹೋಗಿ ನೆಲ್ಲು ಬಂತು. ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದ್ರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ತಾಲೂಕಿನಲ್ಲಿ ನೆಲೆ ಸಿಕ್ತು. ಹಂಗಾಗಿ ಸಿಂಧನೂರಿನ ಸಂತೆಯಲ್ಲಿ ಕನ್ನಡ, ತೆಲುಗು, ದಖ್ಖನಿ, ಲಂಬಾಣಿ, ಬಂಗಾಳಿ ಎಲ್ಲಾ ಕಿವಿಗೆ ಬೀಳ್ತಾವ.

ಇಷ್ಟೆಲ್ಲ ಗೊತ್ತಿದ್ದೂ ನಾಚಿಕೆ ಹೋಗಿರಲಿಲ್ಲ. ಹೋಗಿದ್ದು ಹೋದ ವರ್ಷ. ದೊಡ್ಡ ತಾತನ ಮಕ್ಕಳಿಗೂ ನಮಗೂ ಹೊಲದ ಬದುವಿನ ಜಗಳ. ಹಳ್ಳದ ದಂಡೆಯ ಪಟ್ಟಿ ನಮ್ಮದು ಅಂತ ಅಪ್ಪ, ತಮ್ಮದು ಅಂತ ಅವರು. ಟ್ರಂಕಿನಲ್ಲಿ ತಾತನ ಕಾಲದ ಪಾಲುಪತ್ರ ಇತ್ತು, ಪೂರ್ತಿ ಉರ್ದು. ಮನೆಯಲ್ಲಿ ಓದಬಲ್ಲವರಿದ್ದದ್ದು ತಾತ ಒಬ್ಬರೇ, ಅವರು ಹೋಗಿಬಿಟ್ಟಿದ್ರು.

ಸಿಂಧನೂರಿನಲ್ಲಿ ರಿಟೈರ್ ಆದ ಉರ್ದು ಮಾಸ್ತರರೊಬ್ಬರ ಬಳಿ ಎರಡೂ ಮನೆಯವರು ಹೋದೆವು. ಅವರು ಚೆಕ್ಕುಬಂದಿ ಓದಿದ್ರು: ‘ಮಶ್ರಿಕ್ ಅಂದ್ರ ಮೂಡಲ, ಮಗ್ರಿಬ್ ಪಡುವಲ, ಜುನೂಬ್ ತೆಂಕಲ.’ ‘ಶಿಮಾಲ್’ ಅಂತ ನಿಲ್ಲಿಸಿ ಅಪ್ಪನ ಮುಖ ನೋಡಿದ್ರು. ‘ಬಡಗಲಕ್ಕ ಹಳ್ಳ ಅಂತ ಬರದಿಲ್ಲರೀ. ನಿಮ್ಮ ದೊಡ್ಡಪ್ಪನ ಹೊಲ ಅಂತ ಐತಿ.’

ಅಂದ್ರೆ ಪಟ್ಟಿ ನಮ್ಮದಲ್ಲ. ಅಪ್ಪ ಮೂವತ್ತು ವರ್ಷ ಅದನ್ನು ಉತ್ತಿದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪ ಬರಸಿದ್ದು ಸುಳ್ಳಾಗಂಗಿಲ್ಲ, ಬಿಡ್ರಿ’ ಅಂದ್ರು. ಕಾಗದದ ಕೆಳಗೆ ತಾತನ ರುಜು ಇತ್ತು, ಅದೂ ಉರ್ದುವಿನಲ್ಲಿ. ಮನೆಯಲ್ಲಿ ಅವರು ಆಡಿದ್ದು ನಾನು ಮುಚ್ಚಿಟ್ಟ ಅದೇ ಕನ್ನಡ.

ವಾಪಸ್ ಬರುವಾಗ ಬಸ್ಸಿನಲ್ಲಿ ಫ್ರಾನ್ಸಿನ ಒಂದು ಕರಾವಳಿ ಜಿಲ್ಲೆಯ ಬಗ್ಗೆ ಓದಿದೆ: ಪಿರೆನೀ ಓರಿಯಾಂತಾಲ್. 1659ರ ಒಪ್ಪಂದದಿಂದ ಆ ಸೀಮೆ ಸ್ಪೇನಿನಿಂದ ಫ್ರಾನ್ಸಿಗೆ ಹೋಯ್ತು. 1700ರಲ್ಲಿ ಹದಿನಾಲ್ಕನೇ ಲೂಯಿ ಕಚೇರಿ ಕಾಗದಗಳಲ್ಲಿ ಕತಲಾನ್ ಭಾಷೆ ನಿಷೇಧಿಸಿದ. ಅಲ್ಲಿ ಇವತ್ತಿಗೂ ಕತಲಾನ್ ಆಡುವವರಿದ್ದಾರೆ. ಕಚೇರಿ ಭಾಷೆ ಬದಲಾದ್ರೂ ಮನೆ ಮಾತು ಉಳಿದ ಊರು ನಮ್ಮದೊಂದೇ ಅಲ್ಲ ಅನ್ನಿಸ್ತು.

ನಾವು ದಿನಾ ಆಡುವ ಜಮೀನು, ತಹಸೀಲ್ದಾರ್, ವಕೀಲ, ಅರ್ಜಿ ಎಲ್ಲಾ ಆ ಕಡೆಯಿಂದಲೇ ಬಂದ ಮಾತುಗಳು. ಹಂಗಾದ್ರೆ ‘ಶುದ್ಧ’ ಯಾವುದು?

ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥ ಕಾಗದ ಇದ್ರೆ ಈ ಸಲ ಊರಿಗೆ ಹೋದಾಗ ತೆಗೀರಿ. ಫೋಟೋ ಹೊಡೆದಿಟ್ಟು, ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ. ನಾನಂತೂ ಈಗ ಅವ್ವನ ಫೋನ್ ಬಂದ್ರೆ ಕೂತಲ್ಲೇ ಎತ್ತತೀನಿ.