ಎಮ್ಮೆ ಹಿಂಗಾಲು ಎಳೆಯುತ್ತಿದೆಯೇ? ಮಂಡಿಚಿಪ್ಪನ್ನು ಗಮನಿಸಿ



ಬೆಳಿಗ್ಗೆ ಎಮ್ಮೆಯನ್ನು ಎಬ್ಬಿಸುತ್ತೀರಿ. ಎದ್ದ ಎಮ್ಮೆ ಒಂದು ಹಿಂಗಾಲನ್ನು ಮಡಚಲಾರದೆ ಕೋಲಿನಂತೆ ಹಿಂದಕ್ಕೆ ಚಾಚುತ್ತದೆ. ಗೊರಸಿನ ತುದಿ ನೆಲಕ್ಕೆ ಉಜ್ಜುತ್ತಾ ನಾಲ್ಕು ಹೆಜ್ಜೆ ಎಳೆಯುತ್ತದೆ. ಆಮೇಲೆ ಕಾಲು ಝಟ್ಟನೆ ಮುಂದಕ್ಕೆ ಬರುತ್ತದೆ. ಸ್ವಲ್ಪ ದೂರ ನಡೆದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಕುರಕುಂಟಾ, ಸೇಡಂ ಕಡೆಯ ರೈತರು ಇದನ್ನು ಹೇಳಿಕೊಂಡು ಬರುವಾಗ ಎಷ್ಟೋ ಸಲ ತೊಡೆಯ ಮೇಲೆ ಆಗಲೇ ಬರೆ ಬಿದ್ದಿರುತ್ತದೆ. ಇದು ವಾಯುವಲ್ಲ, ಬರೆಯಿಂದ ಹೋಗುವುದೂ ಇಲ್ಲ. ಇದು ಮಂಡಿಚಿಪ್ಪು ಸಿಕ್ಕಿಕೊಳ್ಳುವ ತೊಂದರೆ. ಎಮ್ಮೆ, ಆಕಳು, ಎತ್ತು ಎಲ್ಲದರಲ್ಲೂ ಬರುತ್ತದೆ.

ಚಿಪ್ಪು ಸಿಕ್ಕಿಕೊಳ್ಳುವುದು ಹೇಗೆ?

ದನಗಳ ಮಂಡಿ ಇರುವುದು ಹಿಂಗಾಲಿನಲ್ಲಿ, ತೊಡೆ ಮುಗಿಯುವ ಕಡೆ, ಹೊಟ್ಟೆಯ ಪಕ್ಕದಲ್ಲಿ. ಅಲ್ಲಿನ ಚಿಪ್ಪನ್ನು ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೇಲಿನಿಂದ ಹಿಡಿದಿರುತ್ತದೆ. ನೀವು ಹಾಲು ಕರೆದು ಮೇಲೇಳುವಾಗ ನಿಮ್ಮ ತೊಡೆಯಲ್ಲಿ ಬಿಗಿಯುವುದೂ ಇದೇ ಸ್ನಾಯು. ಕೆಳಗಿನಿಂದ ಮೂರು ಗಟ್ಟಿ ಪಟ್ಟಿಗಳು ಚಿಪ್ಪನ್ನು ಕಾಲಿನ ಮೂಳೆಗೆ ಕಟ್ಟಿರುತ್ತವೆ. ಸ್ನಾಯು ಸೊರಗಿದರೆ ಚಿಪ್ಪಿನ ಮೇಲಿನ ಹಿಡಿತ ತಪ್ಪುತ್ತದೆ. ಕಾಲು ಚಾಚಿದಾಗ ಮೇಲೇರಿದ ಚಿಪ್ಪು ಇಳಿಯುವುದಿಲ್ಲ. ಒಳಬದಿಯ ಪಟ್ಟಿ ತೊಡೆಮೂಳೆಯ ದಿಂಡಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ.

ಬರೀ ಕಣಿಕೆ ತಿಂದು ಬಡಕಲಾದ, ದಿನವಿಡೀ ಗೂಟಕ್ಕೆ ಕಟ್ಟಿದ ರಾಸುಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ತುಂಬು ಗಬ್ಬದಲ್ಲಿಯೂ ಕಾಣಿಸಿಕೊಳ್ಳಬಹುದು. ಹಿಂಗಾಲು ಹುಟ್ಟಿನಿಂದಲೇ ತೀರ ನೆಟ್ಟಗಿರುವ ರಾಸುಗಳಿಗೂ ಈ ಅಪಾಯವಿದೆ. ನಮ್ಮ ಕೊಟ್ಟಿಗೆಗಳ ಶಹಾಬಾದ್ ಫರಸಿ ಸಗಣಿ, ಗಂಜಲ ಬಿದ್ದಾಗ ಜಾರುತ್ತದೆ. ದುರ್ಬಲ ಕಾಲಿಗೆ ಅದು ಇನ್ನಷ್ಟು ಕಷ್ಟ.

ಆರಂಭದಲ್ಲಿ ನೀವು ಮಾಡಬೇಕಾದದ್ದು

ಕಾಲು ಆಗೊಮ್ಮೆ ಈಗೊಮ್ಮೆ ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ಸ್ನಾಯುವನ್ನು ಬಲಪಡಿಸಿ ನೋಡಬಹುದು.

• ದಿನಕ್ಕೆ ಎರಡು ಸಲ, ಮೊದಲು 10–15 ನಿಮಿಷ, ಗಟ್ಟಿಯಾದ ಮಣ್ಣಿನ ನೆಲದಲ್ಲಿ ನಿಧಾನವಾಗಿ ನಡೆಸಿ. ವಾರವಾರಕ್ಕೆ ಹೆಚ್ಚಿಸಿ. ಓಡಿಸಬೇಡಿ, ಕೆಸರಿನಲ್ಲೂ ನುಣುಪು ಫರಸಿಯ ಮೇಲೂ ನಡೆಸಬೇಡಿ.
• ಕಣಿಕೆಯ ಜೊತೆ ಹಸಿರು ಮೇವು, ತೊಗರಿ ಹೊಟ್ಟು, ಪಶು ಆಹಾರ ಕೊಡಿ. ದೊಡ್ಡ ರಾಸಿಗೆ ದಿನಕ್ಕೆ 30–50 ಗ್ರಾಂ ಖನಿಜ ಮಿಶ್ರಣ ಬೇಕು. ಜಂತುನಾಶಕವನ್ನು ವೈದ್ಯರನ್ನು ಕೇಳಿ ಹಾಕಿಸಿ.
• ಮಲಗುವ ಜಾಗದಲ್ಲಿ ರಬ್ಬರ್ ಮ್ಯಾಟ್ ಹಾಕಿ ಅಥವಾ ಒಣ ಹುಲ್ಲು ಹರಡಿ. ಫರಸಿಗೆ ಉಳಿಯಿಂದ ಗೀರು ಹೊಡೆಸಿದರೂ ಜಾರುವುದು ಕಡಿಮೆಯಾಗುತ್ತದೆ.
• ಕಾಲು ಸಿಕ್ಕಿಕೊಂಡಾಗ ಹೊಡೆದು ಮುಂದಕ್ಕೆ ಎಳೆಯಬೇಡಿ. ಮೆಲ್ಲಗೆ ಒಂದೆರಡು ಹೆಜ್ಜೆ ಹಿಂದಕ್ಕೆ ನಡೆಸಿದರೆ ಚಿಪ್ಪು ಬಿಡಿಸಿಕೊಳ್ಳಬಹುದು.

ಸ್ನಾಯು ಒಂದು ದಿನದಲ್ಲಿ ಬೆಳೆಯುವುದಿಲ್ಲ. ಮೂರು-ನಾಲ್ಕು ವಾರ ತಪ್ಪದೆ ಮಾಡಿ ನೋಡಿ.

ಕಾಯಬಾರದ ಸಂದರ್ಭಗಳು

ಕಾಲು ದಿನವೂ ಸಿಕ್ಕಿಕೊಳ್ಳುತ್ತಿದ್ದರೆ, ಬಿಡಿಸಿಕೊಳ್ಳದೆ ಹಾಗೆಯೇ ನಿಂತರೆ, ಗೊರಸಿನ ಮುಂಭಾಗ ಸವೆದು ರಕ್ತ ಬಂದರೆ ನಡೆಸುತ್ತಾ ಕೂರಬೇಡಿ. ಸೊಂಟದ ಕೀಲು ತಪ್ಪಿದರೂ, ಮೂಳೆ ಮುರಿದರೂ, ಗೊರಸು ಕೊಳೆತರೂ ಕುಂಟು ಬರುತ್ತದೆ. ಅಂಥ ರಾಸನ್ನು ನಡೆಸಿದರೆ ಹಾನಿಯೇ ಹೆಚ್ಚು. ಯಾವುದೆಂದು ಪಶುವೈದ್ಯರೇ ಮುಟ್ಟಿ ನೋಡಿ ಹೇಳಬೇಕು.

ಚಿಪ್ಪಿನದೇ ತೊಂದರೆಯಾಗಿದ್ದರೆ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಆ ಜಾಗ ಮರಗಟ್ಟಿಸಿ ಒಳಬದಿಯ ಪಟ್ಟಿಯೊಂದನ್ನು ಮಾತ್ರ ಕತ್ತರಿಸುತ್ತೇವೆ. ಕೆಲವು ನಿಮಿಷಗಳ ಕೆಲಸ. ಬಹಳಷ್ಟು ರಾಸುಗಳು ಎದ್ದ ಕೂಡಲೇ ಸರಿಯಾಗಿ ಹೆಜ್ಜೆ ಹಾಕುತ್ತವೆ. ಗಬ್ಬ ಎಷ್ಟು ತಿಂಗಳೆಂದು ಮೊದಲೇ ತಿಳಿಸಿ. ತುಂಬು ಗಬ್ಬದ ರಾಸನ್ನು ಕೆಡವುವುದು ಅಪಾಯ, ನಿಂತಂತೆಯೇ ಮಾಡಬಹುದು. ಗಾಯ ಒಣಗುವವರೆಗೆ ಕೆಸರು, ನೊಣ ತಾಗದಂತೆ ನೋಡಿಕೊಳ್ಳಿ.

ಈ ದೋಷ ವಂಶದಲ್ಲಿಯೂ ಬರುವ ಸಾಧ್ಯತೆ ಇರುವುದರಿಂದ ಇಂಥ ರಾಸಿನ ಗಂಡುಕರುವನ್ನು ಬೀಜಕ್ಕೆ ಉಳಿಸಬೇಡಿ.

ಕಾಲು ಎಳೆಯುತ್ತದೆಂದು ಹಾಲು ಕೊಡುವ ಎಮ್ಮೆಯನ್ನು ಸಂತೆಯಲ್ಲಿ ಅರ್ಧ ಬೆಲೆಗೆ ಮಾರುವ ಮುನ್ನ ಒಮ್ಮೆ ನಮಗೆ ತೋರಿಸಿ. ಹತ್ತಿರದ ಪಶು ಆಸ್ಪತ್ರೆಗೆ ಬನ್ನಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಬರೆಯ ಕಲೆ ತೊಗಲಿನ ಮೇಲೆ ಕೊನೆತನಕ ಉಳಿಯುತ್ತದೆ. ಸಿಕ್ಕಿಕೊಂಡ ಚಿಪ್ಪನ್ನು ಮಾತ್ರ ಬಿಡಿಸಬಹುದು.